ಸೊಳ್ಳೆ ಹರಡುವ ಮಿದುಳು ಜ್ವರದ ಪತ್ತೆ: ಯಾವುದು ಮೊದಲು, ಯಾವುದು ಯಾವ ದಿನ

ಜ್ವರ ಬಂದು ಪ್ರಜ್ಞೆ ತಪ್ಪಿದ ರೋಗಿಯ ಕೇಸ್ ಶೀಟಿನಲ್ಲಿ ‘ವೈರಲ್ ಎನ್‌ಸೆಫಲೈಟಿಸ್’ (ವೈರಸ್ಸಿನಿಂದ ಬಂದ ಮಿದುಳಿನ ಉರಿಯೂತ, ಅಂದರೆ ಮಿದುಳು ಜ್ವರ) ಎಂದಷ್ಟೇ ಬರೆದು, ಯಾವ ವೈರಸ್ ಎಂಬ ಜಾಗವನ್ನು ಖಾಲಿ ಬಿಡುವುದು ಎಷ್ಟೋ ಕಡೆ ರೂಢಿಯಾಗಿದೆ. ಪರೀಕ್ಷೆಯ ಸೌಲಭ್ಯ ಇಲ್ಲದ್ದೇ ಇದಕ್ಕೆ ಕಾರಣ ಎಂದು ಹೇಳುತ್ತೇವೆ. ಆದರೆ ಸೌಲಭ್ಯ ಇದ್ದಲ್ಲೂ ಇದೇ ನಡೆಯುತ್ತದೆ. ರಕ್ತ ತೆಗೆದ ದಿನ ತಪ್ಪಾಗಿರುತ್ತದೆ, ಇಲ್ಲವೇ ಬೆನ್ನುಹುರಿಯ ದ್ರವ ಬೇರೆ ಪರೀಕ್ಷೆಗಳಲ್ಲೇ ಮುಗಿದುಹೋಗಿರುತ್ತದೆ, ಇಲ್ಲವೇ ಫಾರಂನಲ್ಲಿ ಕಾಯಿಲೆ ಶುರುವಾದ ತಾರೀಖೇ ಇರುವುದಿಲ್ಲ.

ರೋಗಿಯನ್ನು ಮೊದಲು ನೋಡುವ ಕಿರಿಯ ವೈದ್ಯರು, ಮಾದರಿ ತೆಗೆಯುವ ನರ್ಸುಗಳು, ಲ್ಯಾಬ್ ತಂತ್ರಜ್ಞರು ಈ ಕ್ರಮವನ್ನು ಕೈಯಲ್ಲಿಟ್ಟುಕೊಳ್ಳಬಹುದು. ರೋಗಿಯ ಮನೆಯವರು ಓದುತ್ತಿದ್ದರೆ 1 ಮತ್ತು 3ನೇ ಹಂತವನ್ನು ಓದಿಕೊಳ್ಳಿ. ಉಳಿದದ್ದು ಆಸ್ಪತ್ರೆಯವರ ಕೆಲಸ. ಮನೆಯಲ್ಲಿ ಕುಳಿತು ಪತ್ತೆ ಮಾಡುವ ಕಾಯಿಲೆ ಇದಲ್ಲ.

## ಕೈಗೆ ಸಿಗುವಂತೆ ಇರಬೇಕಾದ್ದು

ಗ್ಲುಕೋಮೀಟರ್, ಥರ್ಮಾಮೀಟರ್, ಪ್ರಜ್ಞೆಯ ಮಟ್ಟ ಅಳೆಯಲು ಗ್ಲ್ಯಾಸ್ಗೊ ಕೋಮಾ ಸ್ಕೇಲ್‌ನ ಹಾಳೆ, ಮಲೇರಿಯಾ ಕಿಟ್ ಮತ್ತು ಸ್ಲೈಡು, ರಕ್ತದ ಕಲ್ಚರ್ ಬಾಟಲಿ, ಏನೂ ಬೆರೆಸದ ಸಾದಾ ಟ್ಯೂಬು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬು, ಬೆನ್ನುಹುರಿಯ ದ್ರವ ತೆಗೆಯುವ ಲಂಬಾರ್ ಪಂಕ್ಚರ್ ಸೆಟ್ಟು ಮತ್ತು ಅದರ ಒತ್ತಡಮಾಪಕ, ನಾಲ್ಕು ಸ್ಟೆರೈಲ್ ಟ್ಯೂಬು, 2ರಿಂದ 8 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳುವ ಕೋಲ್ಡ್ ಬಾಕ್ಸ್. ಇವಿಷ್ಟರ ಜೊತೆಗೆ ಒಂದು ಪೆನ್ನು. ತಾರೀಖು ಬರೆಯದ ಟ್ಯೂಬಿನಿಂದ ಈ ಕಾಯಿಲೆಯಲ್ಲಿ ಅರ್ಧ ಉತ್ತರವೂ ಸಿಗುವುದಿಲ್ಲ.

## ಹಂತ 1: ತೊಂದರೆ ಮಿದುಳಿನದ್ದೇ ಎಂದು ಗುರುತಿಸಿ

ಜ್ವರದ ಜೊತೆ ಗೊಂದಲ, ತಡವರಿಸುವ ಮಾತು, ಎಬ್ಬಿಸಿದರೂ ಮತ್ತೆ ಮತ್ತೆ ಮಂಪರು, ವರ್ತನೆಯಲ್ಲಿ ಹಠಾತ್ ಬದಲಾವಣೆ ಅಥವಾ ಹೊಸದಾಗಿ ಬಂದ ಫಿಟ್ಸ್ ಕಂಡರೆ ಅದನ್ನು ತೀವ್ರ ಎನ್‌ಸೆಫಲೈಟಿಸ್ ಲಕ್ಷಣಕೂಟ ಎಂದೇ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ ಯಾವುದೇ ವಯಸ್ಸಿಗೆ, ವರ್ಷದ ಯಾವುದೇ ಸಮಯಕ್ಕೆ ಅನ್ವಯಿಸುತ್ತದೆ. ‘ಇದು ಸೊಳ್ಳೆಯ ಕಾಲವಲ್ಲ’ ಎಂದು ಕೈಬಿಡುವಂತಿಲ್ಲ.

ಪುಟ್ಟ ಮಕ್ಕಳಲ್ಲಿ ಬರೀ ಜ್ವರದ ಫಿಟ್ಸನ್ನು ಬೇರೆ ಮಾಡಬೇಕಾಗುತ್ತದೆ. 6 ತಿಂಗಳಿನಿಂದ 6 ವರ್ಷದೊಳಗಿನ ಮಗುವಿಗೆ ಒಂದೇ ಸಲ, ಇಡೀ ಮೈಗೆ, 15 ನಿಮಿಷಕ್ಕಿಂತ ಕಡಿಮೆ ಹೊತ್ತು ಬಂದು, ಒಂದು ಗಂಟೆಯೊಳಗೆ ಮಗು ಮೊದಲಿನಂತಾದರೆ ಅದು ಸಾದಾ ಜ್ವರದ ಫಿಟ್ಸ್. ಇದರಲ್ಲಿ ಒಂದು ಷರತ್ತು ತಪ್ಪಿದರೂ ಮುಂದಿನ ಹಂತಕ್ಕೆ ಹೋಗಿ.

ತಜ್ಞರ ಮಾನದಂಡಗಳಲ್ಲಿ ‘ಪ್ರಜ್ಞೆಯ ಬದಲಾವಣೆ 24 ಗಂಟೆ ಇರಬೇಕು’ ಎಂಬ ಮಾತು ಬರುತ್ತದೆ. ಅದು ರೋಗದ ವರ್ಗೀಕರಣಕ್ಕಾಗಿ ಇರುವ ನಿಯಮ. ಅದನ್ನು ಓದಿ 24 ಗಂಟೆ ಕಾಯುತ್ತ ಕೂರುವವರಿದ್ದಾರೆ; ದಯವಿಟ್ಟು ಕಾಯಬೇಡಿ.

ಮನೆಯವರು ತಡಮಾಡದೆ ಆಸ್ಪತ್ರೆಗೆ ಕರೆತರಬೇಕಾದ ಲಕ್ಷಣಗಳು: ಜ್ವರದೊಂದಿಗೆ ವಿಪರೀತ ತಲೆನೋವು ಮತ್ತು ಪದೇ ಪದೇ ವಾಂತಿ, ಕುತ್ತಿಗೆ ಬಿಗಿತ, ಫಿಟ್ಸ್, ಸಂಬಂಧವಿಲ್ಲದ ಮಾತು, ಒಂದು ಕೈ ಅಥವಾ ಕಾಲು ಸೋಲುವುದು, ಹಸುಗೂಸು ಹಾಲು ಕುಡಿಯದೆ ಮಂಕಾಗುವುದು, ನೆತ್ತಿ ಉಬ್ಬುವುದು.

## ಹಂತ 2: ಔಷಧಿ ಇರುವ ಕಾಯಿಲೆಗಳನ್ನು ಮೊದಲು ಹಿಡಿಯಿರಿ

ಸೊಳ್ಳೆ ಹರಡುವ ಜಪಾನೀಸ್ ಎನ್‌ಸೆಫಲೈಟಿಸ್‌ಗಾಗಲಿ ವೆಸ್ಟ್ ನೈಲ್‌ಗಾಗಲಿ ಆ ವೈರಸ್ಸನ್ನೇ ಕೊಲ್ಲುವ, ಪರಿಣಾಮ ಖಚಿತಪಟ್ಟ ಔಷಧಿ ಇಲ್ಲ. ಇದೇ ಲಕ್ಷಣಗಳನ್ನು ತೋರಿಸುವ ಬೇರೆ ಹಲವು ಕಾಯಿಲೆಗಳಿಗೆ ಇದೆ, ಮತ್ತು ಅಲ್ಲಿ ಗಂಟೆಗಳ ಲೆಕ್ಕ. ಹಾಗಾಗಿ ಸೊಳ್ಳೆಯ ಯೋಚನೆ ಎರಡನೆಯದು. ಈ ಒಂದು ಮಾತು ಉಳಿದೆಲ್ಲ ಹಂತಗಳಿಗಿಂತ ಹೆಚ್ಚು ಜೀವ ಉಳಿಸುತ್ತದೆ ಎಂದು ನಂಬಿದ್ದೇನೆ.

ಉಸಿರಾಟದ ದಾರಿ ಮತ್ತು ರಕ್ತದೊತ್ತಡ ನೋಡಿ, ನಡೆಯುತ್ತಿರುವ ಫಿಟ್ಸ್ ನಿಲ್ಲಿಸಿ. ತಕ್ಷಣ ಗ್ಲುಕೋಸ್ ಅಳೆಯಿರಿ. ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದ ಮಗುವಿಗೆ ಮಿದುಳು ಜ್ವರದ ಹಣೆಪಟ್ಟಿ ಹಚ್ಚಿದರೆ ಕಳೆದುಹೋದ ಸಮಯ ಮರಳಿ ಬರುವುದಿಲ್ಲ. ಸೋಡಿಯಂ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗೆ ರಕ್ತ ಕಳಿಸಿ.

ರಕ್ತದ ಕಲ್ಚರ್ ತೆಗೆದುಕೊಂಡು, ಬ್ಯಾಕ್ಟೀರಿಯಾದ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಇರಬಹುದೆನಿಸಿದರೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಿ. ಲಂಬಾರ್ ಪಂಕ್ಚರ್ ತಡವಾಗುತ್ತದೆ ಎಂದು ಔಷಧಿಯನ್ನು ಹಿಡಿದಿಡಬೇಡಿ. ಆ್ಯಂಟಿಬಯಾಟಿಕ್ ಹೋದ ಮೇಲೆ ಕಲ್ಚರ್‌ನಲ್ಲಿ ಏನೂ ಬೆಳೆಯದಿರಬಹುದು, ಆದರೆ ಜೀವಕೋಶಗಳ ಎಣಿಕೆಯೂ ಪ್ರೋಟೀನೂ ಇನ್ನೂ ದಾರಿ ತೋರಿಸುತ್ತವೆ.

ಹರ್ಪಿಸ್ ಎನ್‌ಸೆಫಲೈಟಿಸ್ ಇಲ್ಲ ಎಂದು ಖಚಿತವಾಗುವವರೆಗೆ ಅಸೈಕ್ಲೋವಿರ್ ರಕ್ತನಾಳದ ಮೂಲಕ ಹೋಗುತ್ತಿರಬೇಕು. ಮೂತ್ರಪಿಂಡ ಸರಿ ಇರುವ ವಯಸ್ಕರಿಗೆ ರೂಢಿಯ ಪ್ರಮಾಣ ಕಿಲೋ ತೂಕಕ್ಕೆ 10 ಮಿಲಿಗ್ರಾಂ, 8 ಗಂಟೆಗೊಮ್ಮೆ. ಮಕ್ಕಳಿಗೆ ಮತ್ತು ನವಜಾತ ಶಿಶುಗಳಿಗೆ ಪ್ರಮಾಣ ಬೇರೆ. ಸಾಕಷ್ಟು ದ್ರವ ಕೊಡದಿದ್ದರೆ ಔಷಧಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಒಂದೆರಡು ಡೋಸ್ ಹೋದ ಮಾತ್ರಕ್ಕೆ ಹರ್ಪಿಸ್ ಪಿಸಿಆರ್ (ವೈರಸ್ಸಿನ ವಂಶವಾಹಿ ವಸ್ತುವನ್ನು ಹುಡುಕುವ ಪರೀಕ್ಷೆ) ನೆಗೆಟಿವ್ ಆಗಿಬಿಡುವುದಿಲ್ಲ, ಆ ಭಯ ಬೇಡ.

ಮಲೇರಿಯಾ ಇರುವ ಪ್ರದೇಶದವರು, ಅಲ್ಲಿಗೆ ಹೋಗಿ ಬಂದವರು ಎಲ್ಲರಿಗೂ ಸ್ಲೈಡ್ ಮತ್ತು ಕಿಟ್ ಪರೀಕ್ಷೆ ಆಗಲೇಬೇಕು. ಒಂದು ಸ್ಲೈಡ್ ನೆಗೆಟಿವ್ ಬಂದರೆ 12ರಿಂದ 24 ಗಂಟೆ ಬಿಟ್ಟು ಮತ್ತೆ ನೋಡಿ. ಚಿಗ್ಗರ್ ಎಂಬ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಇರುವ ಪ್ರದೇಶದಲ್ಲಿ ಬಟ್ಟೆ ಸರಿಸಿ ಕಂಕುಳು, ತೊಡೆಸಂದು, ಕಿವಿಯ ಹಿಂಭಾಗದಲ್ಲಿ ಸುಟ್ಟಂತೆ ಕಪ್ಪಾದ ಹೆಕ್ಕಳೆ ಹುಡುಕಿ. ಅದನ್ನು ನೋಡಲು ಎರಡು ನಿಮಿಷ ಸಾಕು, ಚಿಕಿತ್ಸೆಗೆ ಡಾಕ್ಸಿಸೈಕ್ಲಿನ್ ಇದೆ. ಹಾಗಿದ್ದೂ ಅದು ಕಣ್ತಪ್ಪುತ್ತಲೇ ಇರುತ್ತದೆ.

## ಹಂತ 3: ಕಾಯಿಲೆ ಶುರುವಾದ ತಾರೀಖು, ಓಡಾಟ, ಲಸಿಕೆ

ಮೊದಲ ಪ್ರಶ್ನೆ: ಜ್ವರ ಅಥವಾ ತಲೆನೋವು ಮೊಟ್ಟಮೊದಲು ಕಾಣಿಸಿದ್ದು ಯಾವ ದಿನ? ಫಿಟ್ಸ್ ಬಂದ ದಿನವನ್ನೋ ಆಸ್ಪತ್ರೆಗೆ ಸೇರಿಸಿದ ದಿನವನ್ನೋ ಬರೆಯುವುದು ಅತಿ ಸಾಮಾನ್ಯ ತಪ್ಪು. ನಾಲ್ಕು ದಿನ ಮನೆಯಲ್ಲಿ ಜ್ವರದಲ್ಲಿ ಮಲಗಿದ್ದವರ ‘ಮೊದಲ ದಿನದ’ ಮಾದರಿ ನಿಜಕ್ಕೂ ಐದನೆಯ ದಿನದ್ದು. ಆ ವ್ಯತ್ಯಾಸದ ಮೇಲೆ 6ನೇ ಹಂತ ಪೂರ್ತಿ ನಿಂತಿದೆ.

ನಂತರ ಹಿಂದಿನ ಮೂರು ವಾರಗಳ ಓಡಾಟ ಕೇಳಿ. ಜಪಾನೀಸ್ ಎನ್‌ಸೆಫಲೈಟಿಸ್‌ಗೆ ಸೋಂಕು ತಗುಲಿ ಲಕ್ಷಣ ಕಾಣಲು 5ರಿಂದ 15 ದಿನ, ವೆಸ್ಟ್ ನೈಲ್‌ಗೆ 2ರಿಂದ 14 ದಿನ ಹಿಡಿಯುತ್ತದೆ. ಎಲ್ಲಿ ಇದ್ದರು ಎಂಬುದು ಪಟ್ಟಿಯನ್ನು ಚಿಕ್ಕದು ಮಾಡುತ್ತದೆ. ಜಪಾನೀಸ್ ಎನ್‌ಸೆಫಲೈಟಿಸ್ ಏಷ್ಯಾ ಮತ್ತು ಪಶ್ಚಿಮ ಪೆಸಿಫಿಕ್‌ನದ್ದು. 2022ರಲ್ಲಿ ಆಸ್ಟ್ರೇಲಿಯಾದ ಆಗ್ನೇಯ ರಾಜ್ಯಗಳ ಹಂದಿ ಸಾಕಣೆ ಕೇಂದ್ರಗಳಲ್ಲೂ ಜನರಲ್ಲೂ ಕಾಣಿಸಿಕೊಂಡಿತು. ವೆಸ್ಟ್ ನೈಲ್ ಆಫ್ರಿಕಾ, ಯುರೋಪ್, ಪಶ್ಚಿಮ ಏಷ್ಯಾ, ಭಾರತ, ಉತ್ತರ ಅಮೆರಿಕ ಎಲ್ಲ ಕಡೆ ಇದೆ. ಸೇಂಟ್ ಲೂಯಿಸ್, ಲಾ ಕ್ರಾಸ್, ಈಸ್ಟರ್ನ್ ಈಕ್ವೈನ್ ಎನ್‌ಸೆಫಲೈಟಿಸ್‌ಗಳು ಅಮೆರಿಕ ಖಂಡದವು, ಮರ್ರೆ ವ್ಯಾಲಿ ಆಸ್ಟ್ರೇಲಿಯಾ ಮತ್ತು ಪಪುವಾ ನ್ಯೂ ಗಿನಿಯದ್ದು. ಡೆಂಗಿ, ಚಿಕುನ್‌ಗುನ್ಯ, ಝಿಕಾ ಕೂಡ ಕೆಲವರ ಮಿದುಳನ್ನು ತಟ್ಟುತ್ತವೆ.

ಸುತ್ತಲಿನ ಪ್ರಾಣಿಗಳ ಬಗ್ಗೆಯೂ ಕೇಳಿ. ನೀರು ನಿಂತ ಗದ್ದೆ, ಹಂದಿ, ಕೊಕ್ಕರೆಗಳಿದ್ದರೆ ಜಪಾನೀಸ್ ಎನ್‌ಸೆಫಲೈಟಿಸ್. ಹಕ್ಕಿಗಳೋ ಕುದುರೆಗಳೋ ಸಾಯುತ್ತಿದ್ದರೆ ವೆಸ್ಟ್ ನೈಲ್ ಅಥವಾ ಈಕ್ವೈನ್ ಗುಂಪು ಮನಸ್ಸಿಗೆ ಬರಬೇಕು. ‘ಸೊಳ್ಳೆ ಕಚ್ಚಿದ ನೆನಪಿಲ್ಲ’ ಎಂಬ ಉತ್ತರಕ್ಕೆ ಬೆಲೆ ಕೊಡಬೇಡಿ, ಯಾರಿಗೂ ನೆನಪಿರುವುದಿಲ್ಲ. ರಕ್ತ ಪಡೆದಿದ್ದಾರೆಯೇ, ಅಂಗಾಂಗ ಕಸಿ ಆಗಿದೆಯೇ ಎಂದು ಮರೆಯದೆ ಕೇಳಿ, ಏಕೆಂದರೆ ವೆಸ್ಟ್ ನೈಲ್ ಆ ದಾರಿಯಲ್ಲೂ ಹರಡುತ್ತದೆ.

ಜಪಾನೀಸ್ ಎನ್‌ಸೆಫಲೈಟಿಸ್ ಮತ್ತು ಹಳದಿ ಜ್ವರದ ಲಸಿಕೆ ಆಗಿದ್ದರೆ ತಾರೀಖಿನ ಸಮೇತ ಬರೆದುಕೊಳ್ಳಿ. ಮೊದಲು ಡೆಂಗಿ ಆಗಿತ್ತೇ ಎಂಬುದನ್ನೂ ಬರೆಯಿರಿ. ಲ್ಯಾಬಿನವರು ಫಲಿತಾಂಶ ಓದುವಾಗ ಈ ಎರಡು ಸಾಲುಗಳನ್ನೇ ಹುಡುಕುತ್ತಾರೆ.

ಇನ್ನೊಂದು ಮಾತು. ಮಂಗನ ಕಾಯಿಲೆ ಉಣ್ಣೆ ಹುಳದಿಂದ, ಚಂಡಿಪುರ ವೈರಸ್ ಮುಖ್ಯವಾಗಿ ಮರಳುನೊಣದಿಂದ, ನಿಫಾ ಬಾವಲಿಗಳಿಂದ ಬರುವಂಥವು. ಸೊಳ್ಳೆಯ ವೈರಸ್‌ಗಳ ಪರೀಕ್ಷೆ ಎಷ್ಟು ಮಾಡಿದರೂ ಇವು ಸಿಗುವುದಿಲ್ಲ. ಓಡಾಟದ ವಿವರದಲ್ಲಿ ಸುಳಿವು ಸಿಕ್ಕರೆ ಪ್ರತ್ಯೇಕವಾಗಿ ಕೇಳಬೇಕು.

## ಹಂತ 4: ಮೈ ಪರೀಕ್ಷೆಯಲ್ಲಿ ಸಿಗುವ ಸುಳಿವು

ಲಕ್ಷಣ ನೋಡಿ ವೈರಸ್ಸಿನ ಹೆಸರು ಹೇಳಲಾಗದು, ಆದರೆ ಯಾವ ಪರೀಕ್ಷೆ ಮೊದಲು ಎಂದು ತೀರ್ಮಾನಿಸಬಹುದು. ಭಾವವಿಲ್ಲದ ಮುಖ, ನಡುಕ, ಕೈಕಾಲುಗಳ ಬಿಗಿತ ಸೇರಿ ಪಾರ್ಕಿನ್ಸನ್‌ನಂತೆ ಕಂಡರೆ ಜಪಾನೀಸ್ ಎನ್‌ಸೆಫಲೈಟಿಸ್ ಮೇಲೆ ಬರುತ್ತದೆ. ಇದು ಹೆಚ್ಚಾಗಿ ಮಕ್ಕಳನ್ನು ಬಾಧಿಸುತ್ತದೆ, ಅವರಲ್ಲಿ ಫಿಟ್ಸ್ ಸಾಮಾನ್ಯ. ವೆಸ್ಟ್ ನೈಲ್ ತೀವ್ರವಾಗುವುದು ವಯಸ್ಸಾದವರಲ್ಲಿ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಲ್ಲಿ.

ಒಂದು ಕೈಯೋ ಕಾಲೋ ಪೋಲಿಯೊದಂತೆ ಜೋತುಬಿದ್ದು, ಸ್ಪರ್ಶಜ್ಞಾನ ಮಾತ್ರ ಸರಿಯಾಗಿದ್ದರೆ ವೆಸ್ಟ್ ನೈಲ್ ಮತ್ತು ಜಪಾನೀಸ್ ಎನ್‌ಸೆಫಲೈಟಿಸ್ ಎರಡಕ್ಕೂ ಮಾದರಿ ಕಳಿಸಿ. ಇದನ್ನು ಗಿಯಾನ್-ಬಾರೆ (ದೇಹದ ರೋಗನಿರೋಧಕ ಶಕ್ತಿಯೇ ನರಗಳಿಗೆ ಹಾನಿ ಮಾಡುವ ಕಾಯಿಲೆ) ಎಂದು ತಪ್ಪು ತಿಳಿಯುವುದು ಸಾಮಾನ್ಯ. ಗಿಯಾನ್-ಬಾರೆಯಲ್ಲಿ ಸೋಲು ಎರಡೂ ಬದಿಗೆ ಹೆಚ್ಚುಕಡಿಮೆ ಸಮನಾಗಿರುತ್ತದೆ, ಬೆನ್ನುಹುರಿಯ ದ್ರವದಲ್ಲಿ ಪ್ರೋಟೀನ್ ಏರಿದ್ದರೂ ಬಿಳಿ ಕಣಗಳು ಏರಿರುವುದಿಲ್ಲ. ವೈರಸ್ಸಿನಿಂದ ಕೈಕಾಲು ಸೋತಾಗ ಕಣಗಳೂ ಏರುತ್ತವೆ.

ಜ್ವರವೇ ಇಲ್ಲದೆ ವಾರಗಟ್ಟಲೆ ಮಾನಸಿಕ ಬದಲಾವಣೆ, ಬಾಯಿ ಮತ್ತು ಮುಖದ ವಿಚಿತ್ರ ಚಲನೆ ಇದ್ದರೆ ಆಟೋಇಮ್ಯೂನ್ ಎನ್‌ಸೆಫಲೈಟಿಸ್ (ದೇಹದ ಪ್ರತಿಕಾಯಗಳೇ ಮಿದುಳಿನ ಮೇಲೆ ದಾಳಿ ಮಾಡುವ ಕಾಯಿಲೆ) ನೆನಪಿರಲಿ. ಒಂದು ವಾರ ಮೀರಿ ನಿಧಾನವಾಗಿ ಏರಿದ ಕಾಯಿಲೆಯಾದರೆ ಕ್ಷಯದ ಮೆನಿಂಜೈಟಿಸ್.

## ಹಂತ 5: ಬೆನ್ನುಹುರಿಯ ದ್ರವ ತೆಗೆಯುವುದು

ಬೆನ್ನಿನಿಂದ ನೀರು ತೆಗೆದರೆ ಕಾಲು ಹೋಗುತ್ತದೆ ಎಂಬ ಭಯ ಮನೆಯವರಲ್ಲಿರುತ್ತದೆ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ ಎಂದು ಕುಳಿತು ವಿವರಿಸಿ. ಆ ಐದು ನಿಮಿಷ ಕೊಡದೆ ಸಹಿ ಕೇಳಿದ್ದರಿಂದಲೇ ಎಷ್ಟೋ ರೋಗಗಳ ಪತ್ತೆ ನಿಂತುಹೋಗಿದೆ.

ಕೆಲವರಿಗೆ ಮೊದಲು ಸ್ಕ್ಯಾನ್ ಬೇಕು: ಮೈಯ ಒಂದು ಬದಿ ಸೋತವರು, ಕಣ್ಣಿನ ಹಿಂಭಾಗದಲ್ಲಿ ನರದ ಊತ ಇರುವವರು, ಪ್ರಜ್ಞೆ ವೇಗವಾಗಿ ಕುಸಿಯುತ್ತಿರುವವರು, ಫಿಟ್ಸ್ ನಿಲ್ಲದವರು, ರೋಗನಿರೋಧಕ ಶಕ್ತಿ ಕುಂದಿದವರು. ಆಘಾತ ಸ್ಥಿತಿಯಲ್ಲಿರುವವರಿಗೆ ಮತ್ತು ಸೂಜಿ ಹಾಕುವ ಜಾಗದಲ್ಲಿ ಸೋಂಕು ಇರುವವರಿಗೆ ಮುಂದೂಡಿ. ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ತಡೆಯುತ್ತಾರೆ. ಡೆಂಗಿಯ ಶಂಕೆ ಇರುವಾಗ ಹಿಂದಿನ ದಿನದ ಎಣಿಕೆಯನ್ನು ನಂಬದೆ ಅಂದಿನದ್ದನ್ನೇ ನೋಡಿ. ಮುಂದೂಡುವುದೆಂದರೆ ಬಿಟ್ಟುಬಿಡುವುದಲ್ಲ. ಸ್ಥಿತಿ ಸುಧಾರಿಸಿದೆಯೇ ಎಂದು ದಿನವೂ ಕೇಳಿಕೊಂಡು, ಆದ ಮೊದಲ ದಿನವೇ ಮಾಡಿ.

ಮಾಡುವ ಕ್ರಮ ಹೀಗೆ:

1. ಸೂಜಿ ಹಾಕುವ ಮುಂಚೆ ರಕ್ತದ ಗ್ಲುಕೋಸ್‌ಗೆ ಮಾದರಿ ತೆಗೆಯಿರಿ. ಹೋಲಿಸಲು ರಕ್ತದ ಅಂಕಿ ಇಲ್ಲದಿದ್ದರೆ ದ್ರವದ ಗ್ಲುಕೋಸ್ ಅಂಕಿಗೆ ಅರ್ಥವಿಲ್ಲ.
2. ರೋಗಿಯನ್ನು ಮಗ್ಗುಲಿಗೆ ಮಲಗಿಸಿ ಒತ್ತಡ ಅಳೆಯಿರಿ.
3. ಮೊದಲ ಟ್ಯೂಬಿನಲ್ಲಿ ಸೂಜಿಯ ಗಾಯದ ರಕ್ತ ಬೆರೆತಿರುವ ಸಾಧ್ಯತೆ ಹೆಚ್ಚು. ಅದು ಜೀವರಾಸಾಯನಿಕ ಪರೀಕ್ಷೆಗಿರಲಿ, ಎರಡನೆಯದು ಕಲ್ಚರ್‌ಗೆ, ನಂತರದವು ಕಣಗಳ ಎಣಿಕೆಗೆ ಮತ್ತು ವೈರಸ್ ಪರೀಕ್ಷೆಗೆ.
4. ವೈರಸ್ಸಿನ ಟ್ಯೂಬನ್ನು ಆರಂಭದಲ್ಲೇ ಎತ್ತಿಡಿ. ‘ಉಳಿದರೆ ಕಳಿಸೋಣ’ ಎಂದರೆ ಉಳಿಯುವುದಿಲ್ಲ.

ಕಲ್ಚರ್‌ಗೆ ಹೋಗುವ ದ್ರವವನ್ನು ಫ್ರಿಜ್‌ನಲ್ಲಿ ಇಡಬಾರದು, ಬ್ಯಾಕ್ಟೀರಿಯಾ ಸಾಯಬಹುದು. ವೈರಸ್ ಪರೀಕ್ಷೆಗೆ ಹೋಗುವುದನ್ನು ತಣ್ಣಗೇ ಇಡಬೇಕು. ಎರಡನ್ನೂ ಒಂದೇ ರ್ಯಾಕಿನಲ್ಲಿಟ್ಟು ಕಳಿಸಿದರೆ ಒಂದು ಹಾಳಾಗುವುದು ಖಚಿತ. ಕಣಗಳ ಎಣಿಕೆ ಒಂದು ಗಂಟೆಯೊಳಗೆ ಆಗಬೇಕು. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಬೇಗ ಒಡೆದುಹೋಗುತ್ತವೆ.

ವೈರಸ್ಸಿನ ಸೋಂಕಿನಲ್ಲಿ ಸಾಮಾನ್ಯವಾಗಿ ಲಿಂಫೋಸೈಟ್ ಎಂಬ ಬಿಳಿ ಕಣಗಳು ಏರಿರುತ್ತವೆ, ಪ್ರೋಟೀನ್ ಸ್ವಲ್ಪ ಹೆಚ್ಚು, ಗ್ಲುಕೋಸ್ ಸಹಜ. ಗ್ಲುಕೋಸ್ ರಕ್ತದ ಅಂಕಿಯ 40 ಶೇಕಡಾಕ್ಕಿಂತ ಕೆಳಗಿದ್ದರೆ ಬ್ಯಾಕ್ಟೀರಿಯಾ ಅಥವಾ ಕ್ಷಯವನ್ನು ಹುಡುಕಿ. ಆದರೆ ಆರಂಭದ ದಿನಗಳಲ್ಲಿ, ಅದರಲ್ಲೂ ವೆಸ್ಟ್ ನೈಲ್ ಮತ್ತು ಈಸ್ಟರ್ನ್ ಈಕ್ವೈನ್‌ನಲ್ಲಿ, ಬ್ಯಾಕ್ಟೀರಿಯಾದ ಸೋಂಕಿನಲ್ಲಿದ್ದಂತೆ ನ್ಯೂಟ್ರೋಫಿಲ್‌ಗಳೇ ಹೆಚ್ಚಿರಬಹುದು. ಆಗ ಆ್ಯಂಟಿಬಯಾಟಿಕ್ ಮುಂದುವರಿಯಲಿ, ವೈರಸ್ಸಿನ ಪರೀಕ್ಷೆಯೂ ನಿಲ್ಲದಿರಲಿ.

## ಹಂತ 6: ಯಾವ ದಿನ ಯಾವ ಪರೀಕ್ಷೆ

ಅತಿ ಹೆಚ್ಚು ಜನ ಸೋಲುವುದು ಇಲ್ಲೇ. ಪಿಸಿಆರ್ ಎಂದರೆ ಕೊನೆಯ ಮಾತು ಎಂಬ ನಂಬಿಕೆ ಕೋವಿಡ್ ನಂತರ ಗಟ್ಟಿಯಾಗಿದೆ. ಹರ್ಪಿಸ್‌ಗೆ ಬೆನ್ನುಹುರಿಯ ದ್ರವದ ಪಿಸಿಆರ್ ನಿಜಕ್ಕೂ ಉತ್ತಮ ಪರೀಕ್ಷೆ. ಜಪಾನೀಸ್ ಎನ್‌ಸೆಫಲೈಟಿಸ್ ಮತ್ತು ವೆಸ್ಟ್ ನೈಲ್‌ನಲ್ಲಿ ಹಾಗಲ್ಲ. ಮನುಷ್ಯರ ರಕ್ತದಲ್ಲಿ ಈ ವೈರಸ್‌ಗಳು ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನ ಇರುತ್ತವೆ. ರೋಗಿ ಪ್ರಜ್ಞೆ ತಪ್ಪಿ ಆಸ್ಪತ್ರೆ ತಲುಪುವ ಹೊತ್ತಿಗೆ ಬಹುಪಾಲು ಮರೆಯಾಗಿರುತ್ತವೆ. ಪಾಸಿಟಿವ್ ಬಂದರೆ ಪತ್ತೆಯಾಯಿತು. ನೆಗೆಟಿವ್ ಬಂದರೆ ಏನೂ ಹೇಳಿದಂತಾಗಲಿಲ್ಲ.

ಇಲ್ಲಿ ಮುಖ್ಯ ಪರೀಕ್ಷೆ ಐಜಿಎಂ ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ಮೊದಲು ತಯಾರಿಸುವ ಪ್ರತಿಕಾಯ) ಹುಡುಕುವ ಎಲೈಸಾ. ಅದನ್ನು ಬೆನ್ನುಹುರಿಯ ದ್ರವದಲ್ಲಿ ಹುಡುಕುವುದು ಶ್ರೇಷ್ಠ. ಐಜಿಎಂ ದೊಡ್ಡ ಅಣು, ರಕ್ತದಿಂದ ಮಿದುಳಿನ ತಡೆಗೋಡೆ ದಾಟಿ ಸುಲಭವಾಗಿ ಒಳಬರುವುದಿಲ್ಲ. ದ್ರವದಲ್ಲಿ ಅದು ಸಿಕ್ಕರೆ ಒಳಗೇ ತಯಾರಾಗಿದೆ ಎಂದರ್ಥ. ರಕ್ತದ ಐಜಿಎಂ ಇತ್ತೀಚಿನ ಸೋಂಕನ್ನೋ ಲಸಿಕೆಯನ್ನೋ ಸೂಚಿಸಬಹುದು, ಈಗಿನ ಮಿದುಳಿನ ಕಾಯಿಲೆಗೆ ಅದೇ ಕಾರಣವೆಂದು ಹೇಳುವುದಿಲ್ಲ.

ಜಪಾನೀಸ್ ಎನ್‌ಸೆಫಲೈಟಿಸ್‌ನಲ್ಲಿ ಕಾಯಿಲೆ ಶುರುವಾದ 4ನೇ ದಿನದ ಹೊತ್ತಿಗೆ ಹೆಚ್ಚಿನವರ ದ್ರವದಲ್ಲಿ, 7ನೇ ದಿನದ ಹೊತ್ತಿಗೆ ರಕ್ತದಲ್ಲಿ ಐಜಿಎಂ ಸಿಗುತ್ತದೆ. ವೆಸ್ಟ್ ನೈಲ್‌ನಲ್ಲಿ 3ರಿಂದ 8ನೇ ದಿನದ ನಡುವೆ. ಎರಡನೇ ದಿನ ತೆಗೆದ ಮಾದರಿ ನೆಗೆಟಿವ್ ಬಂದದ್ದಕ್ಕೆ ‘ಇಲ್ಲ’ ಎಂದು ಬರೆಯುವುದು ತಪ್ಪು. 8 ದಿನದೊಳಗಿನ ನೆಗೆಟಿವ್ ಫಲಿತಾಂಶದ ಪಕ್ಕದಲ್ಲಿ ‘ಮತ್ತೆ ಕಳಿಸಬೇಕು’ ಎಂದೇ ಬರೆಯಿರಿ, 10ನೇ ದಿನದ ಆಸುಪಾಸಿನಲ್ಲಿ ಕಳಿಸಿ.

ಎರಡು ಸಂದರ್ಭಗಳಲ್ಲಿ ಲೆಕ್ಕ ಬದಲಾಗುತ್ತದೆ. ರೋಗನಿರೋಧಕ ಶಕ್ತಿ ತಗ್ಗಿಸುವ ರಿಟುಕ್ಸಿಮ್ಯಾಬ್‌ನಂಥ ಔಷಧಿಯಲ್ಲಿರುವವರು, ಅಂಗಾಂಗ ಕಸಿ ಆದವರು ಪ್ರತಿಕಾಯವನ್ನೇ ತಯಾರಿಸದಿರಬಹುದು; ಅವರಲ್ಲಿ ವೈರಸ್ ಹೆಚ್ಚು ದಿನ ಉಳಿಯುವುದರಿಂದ ರಕ್ತ ಮತ್ತು ದ್ರವದ ಪಿಸಿಆರ್ ಕೇಳಲೇಬೇಕು. ಡೆಂಗಿಯಲ್ಲಾದರೆ ಮೊದಲ ಐದು ದಿನ ರಕ್ತದ ಎನ್‌ಎಸ್1 (ವೈರಸ್ಸಿನ ಒಂದು ಪ್ರೋಟೀನ್) ಪರೀಕ್ಷೆ ಅಥವಾ ಪಿಸಿಆರ್ ಕೆಲಸಕ್ಕೆ ಬರುತ್ತದೆ, ಆಮೇಲೆ ಐಜಿಎಂ.

ಮಾದರಿಯ ವಿಷಯದಲ್ಲಿ ಆಗಾಗ ತಪ್ಪುಗಳಾಗುತ್ತವೆ. ಎಲೈಸಾಗೆ ಬೇಕಾದ್ದು ಸಾದಾ ಟ್ಯೂಬಿನ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ದ್ರವ), ಪಿಸಿಆರ್‌ಗೆ ಬೇಕಾದ್ದು ಇಡಿಟಿಎ ರಕ್ತ. ಹೆಪರಿನ್ ಟ್ಯೂಬು ಪಿಸಿಆರನ್ನು ಕೆಡಿಸುತ್ತದೆ. ಸೀರಂ ಬೇರ್ಪಡಿಸದೆ ರಕ್ತವನ್ನೇ ಫ್ರೀಜರಿನಲ್ಲಿಟ್ಟರೆ ಕಣಗಳು ಒಡೆದು ಮಾದರಿ ಕೆಲಸಕ್ಕೆ ಬಾರದಾಗುತ್ತದೆ. ಇಮ್ಯುನೊಗ್ಲೋಬ್ಯುಲಿನ್ ಕೊಡುವುದಿದ್ದರೆ ಅದಕ್ಕೂ ಮೊದಲೇ ಸೀರಂ ತೆಗೆದಿಡಿ, ಇಲ್ಲವಾದರೆ ದಾನಿಗಳ ಪ್ರತಿಕಾಯಗಳು ನಿಮ್ಮ ರೋಗಿಯದ್ದೆಂದು ಕಾಣಿಸುತ್ತವೆ.

## ಹಂತ 7: ಸ್ಕ್ಯಾನ್ ಮತ್ತು ಇಇಜಿ

ಸಿಟಿ ಆರಂಭದಲ್ಲಿ ಸಹಜವಾಗಿ ಕಾಣುವುದೇ ಹೆಚ್ಚು. ಅದರ ಕೆಲಸ ಊತ, ರಕ್ತಸ್ರಾವ, ಗಡ್ಡೆ ಇಲ್ಲವೆಂದು ನೋಡುವುದು. ಎಂಆರ್‌ಐನಲ್ಲಿ ಎರಡೂ ಬದಿಯ ಥಲಮಸ್ (ಮಿದುಳಿನ ಒಳಗಿನ ಒಂದು ಭಾಗ) ಬೆಳಗಿದ್ದರೆ ಜಪಾನೀಸ್ ಎನ್‌ಸೆಫಲೈಟಿಸ್‌ಗೆ ಬಲ ಬರುತ್ತದೆ, ಆದರೆ ಡೆಂಗಿ, ವೆಸ್ಟ್ ನೈಲ್, ಈಸ್ಟರ್ನ್ ಈಕ್ವೈನ್ ಕೂಡ ಅಲ್ಲೇ ಗುರುತು ಬಿಡುತ್ತವೆ. ಟೆಂಪೊರಲ್ ಭಾಗದ ಒಳಬದಿಯಲ್ಲಿ, ಒಂದು ಕಡೆ ಹೆಚ್ಚಾಗಿ ಇದ್ದರೆ ಹರ್ಪಿಸ್. ವೆಸ್ಟ್ ನೈಲ್‌ನಲ್ಲಿ ಎಂಆರ್‌ಐ ಸಹಜವಾಗಿರುವುದೂ ಉಂಟು.

ಫಿಟ್ಸ್ ನಿಂತರೂ ಪ್ರಜ್ಞೆ ಮರಳದಿದ್ದರೆ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ಬೇಕೇಬೇಕು. ಮೈ ಅಲುಗದೆ ಮಿದುಳಿನೊಳಗೇ ಫಿಟ್ಸ್ ಮುಂದುವರಿದಿರಬಹುದು. ಕಣ್ಣು ಒಂದೇ ಕಡೆ ವಾಲುವುದು, ಒಂದು ಬೆರಳಿನ ಅಥವಾ ರೆಪ್ಪೆಯ ಅದುರು ಅದರ ಸೂಚನೆ.

## ಹಂತ 8: ಫಲಿತಾಂಶ ಓದುವುದು

ಜಪಾನೀಸ್ ಎನ್‌ಸೆಫಲೈಟಿಸ್, ವೆಸ್ಟ್ ನೈಲ್, ಡೆಂಗಿ, ಝಿಕಾ ಎಲ್ಲವೂ ಫ್ಲೇವಿವೈರಸ್ ಎಂಬ ಒಂದೇ ಗುಂಪಿನ ವೈರಸ್‌ಗಳು. ಒಂದಕ್ಕೆ ಹುಟ್ಟಿದ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ಪಾಸಿಟಿವ್ ತೋರಿಸುತ್ತದೆ. ಡೆಂಗಿ ಐಜಿಎಂ ಪಾಸಿಟಿವ್ ಬಂದ ಕೂಡಲೇ ಕಡತ ಮುಚ್ಚಿದರೆ ಜಪಾನೀಸ್ ಎನ್‌ಸೆಫಲೈಟಿಸ್ ತಪ್ಪಿಹೋಗುತ್ತದೆ, ಇದರ ತಿರುಗುಮುರುಗೂ ಆಗುತ್ತದೆ. ಆ ಪ್ರದೇಶದಲ್ಲಿ ಸಾಧ್ಯವಿರುವ ಫ್ಲೇವಿವೈರಸ್‌ಗಳನ್ನು ಒಂದೇ ಮಾದರಿಯಲ್ಲಿ, ಒಟ್ಟಿಗೆ ಪರೀಕ್ಷಿಸಬೇಕು.

ದ್ರವದಲ್ಲಿ ಐಜಿಎಂ ಪಾಸಿಟಿವ್ ಆಗಿ, ಜೊತೆಯ ವೈರಸ್‌ಗಳಿಗೆ ನೆಗೆಟಿವ್ ಆಗಿದ್ದರೆ ಪತ್ತೆ ಬಲವಾದದ್ದು. ದ್ರವಕ್ಕೆ ರಕ್ತ ಬೆರೆತಿದ್ದರೆ ಆ ಬಲ ಕಡಿಮೆಯಾಗುತ್ತದೆ. ಸೀರಂ ಮಾತ್ರ ಪಾಸಿಟಿವ್ ಇದ್ದರೆ ‘ಸಂಭಾವ್ಯ’ ಎಂದು ಬರೆದು ಮುಂದಿನ ಪರೀಕ್ಷೆಗೆ ಹೋಗಿ. ಐಜಿಎಂ ಒಂದರಿಂದ ಮೂರು ತಿಂಗಳವರೆಗೆ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುವುದರಿಂದ ಅದು ಹಳೆಯ ಸೋಂಕಿನದ್ದೂ ಆಗಿರಬಹುದು. ಹೆಚ್ಚು ಕಾಲ ಉಳಿಯುವ ಐಜಿಜಿ ಪ್ರತಿಕಾಯ ಒಂದೇ ಪಾಸಿಟಿವ್ ಇದ್ದರೆ ಅದು ಹಿಂದೆಂದೋ ಆದ ಸೋಂಕು ಅಥವಾ ಲಸಿಕೆ.

ಗೊಂದಲ ಬಿಡಿಸಲು, ರೋಗಿಯ ಪ್ರತಿಕಾಯ ಯಾವ ವೈರಸ್ಸನ್ನು ತಡೆಯುತ್ತದೆ ಎಂದು ನೋಡುವ ನ್ಯೂಟ್ರಲೈಸೇಶನ್ ಪರೀಕ್ಷೆ ಇದೆ. ಜೀವಂತ ವೈರಸ್ ಬೇಕಾದ್ದರಿಂದ ಉಲ್ಲೇಖ ಪ್ರಯೋಗಾಲಯಗಳಲ್ಲಿ ಮಾತ್ರ ನಡೆಯುತ್ತದೆ. ಮೊದಲ ಸೀರಂ ಮತ್ತು ಎರಡರಿಂದ ಮೂರು ವಾರದ ನಂತರದ ಸೀರಂ ಪಕ್ಕಪಕ್ಕ ಇಟ್ಟಾಗ ಪ್ರತಿಕಾಯ ನಾಲ್ಕು ಪಟ್ಟು ಅಥವಾ ಹೆಚ್ಚು ಏರಿದ್ದರೆ ಖಚಿತ. ಹಿಂದೆ ಬೇರೆ ಫ್ಲೇವಿವೈರಸ್ ತಗುಲಿದವರಲ್ಲಿ ಇದೂ ಕೆಲವೊಮ್ಮೆ ಒಂದೇ ಹೆಸರು ಹೇಳುವುದಿಲ್ಲ. ಆಗ ‘ಫ್ಲೇವಿವೈರಸ್ ಸೋಂಕು’ ಎಂದಷ್ಟೇ ಬರೆಯುವುದು ಪ್ರಾಮಾಣಿಕ.

ಹರ್ಪಿಸ್ ಪಿಸಿಆರ್ ಕಾಯಿಲೆಯ ಮೊದಲ 72 ಗಂಟೆಗಳಲ್ಲಿ ತಪ್ಪಾಗಿ ನೆಗೆಟಿವ್ ಬರಬಹುದು. ಶಂಕೆ ಉಳಿದಿದ್ದರೆ 3ರಿಂದ 7 ದಿನಗಳಲ್ಲಿ ಮತ್ತೆ ದ್ರವ ತೆಗೆದು ನೋಡುವವರೆಗೆ ಅಸೈಕ್ಲೋವಿರ್ ನಿಲ್ಲಿಸಬೇಡಿ.

## ಹಂತ 9: ಡಿಸ್ಚಾರ್ಜ್ ಚೀಟಿಯಲ್ಲಿ ಇರಬೇಕಾದ್ದು

ಎರಡನೆಯ ಸೀರಂ ಕೊಡಬೇಕಾದ ತಾರೀಖನ್ನು ದೊಡ್ಡದಾಗಿ ಬರೆದು, ಯಾಕೆ ಬೇಕೆಂದು ಮನೆಯವರಿಗೆ ಹೇಳಿ. ರೋಗಿ ಚೇತರಿಸಿಕೊಂಡ ಮೇಲೆ ಯಾರೂ ಸುಮ್ಮನೆ ಮರಳಿ ಬರುವುದಿಲ್ಲ. ರೋಗಿ ತೀರಿಕೊಂಡಿದ್ದರೂ ತೆಗೆದಿಟ್ಟ ಮಾದರಿಯನ್ನು ಎಸೆಯಬೇಡಿ. ಅದೇ ಊರಿನ ಮುಂದಿನ ಮಗುವಿಗೆ ಆ ಉತ್ತರ ಬೇಕಾಗುತ್ತದೆ. ಶಂಕಿತ ಪ್ರಕರಣವನ್ನು ಆರೋಗ್ಯ ಇಲಾಖೆಗೆ ತಿಳಿಸಲು ಅಂತಿಮ ಫಲಿತಾಂಶದವರೆಗೆ ಕಾಯುವ ಅಗತ್ಯವೂ ಇಲ್ಲ.

ಜಪಾನೀಸ್ ಎನ್‌ಸೆಫಲೈಟಿಸ್‌ನಿಂದ ಎದ್ದ ಕೆಲವರಲ್ಲಿ, ಕೆಲವು ವಾರಗಳ ನಂತರ ವರ್ತನೆ ಕೆಟ್ಟು, ಮುಖ ಮತ್ತು ಕೈಕಾಲುಗಳಲ್ಲಿ ಅನಿಯಂತ್ರಿತ ಚಲನೆ ಶುರುವಾಗುತ್ತದೆ. ಹಳೆಯ ವೈರಸ್ಸಿನ ಉಳಿಕೆ ಎಂದು ಮನೆಗೆ ಕಳಿಸಬೇಡಿ. ಅದು ನರಕೋಶಗಳ ಮೇಲಿನ ಎನ್‌ಎಂಡಿಎ ಗ್ರಾಹಕದ ವಿರುದ್ಧ ಹುಟ್ಟಿದ ಆಟೋಇಮ್ಯೂನ್ ಎನ್‌ಸೆಫಲೈಟಿಸ್ ಆಗಿರಬಹುದು. ರಕ್ತ ಮತ್ತು ದ್ರವ ಎರಡರಲ್ಲೂ ಆ ಪ್ರತಿಕಾಯ ಹುಡುಕಿ. ಅದಕ್ಕೆ ಚಿಕಿತ್ಸೆ ಇದೆ.